ಕುಮ ಕೊಟ್ಟ ಎರಡು ಟೈರು

“ಈ ಹುಲ್ಲು ಯಾರಿಗೋಸ್ಕರ ಬೆಳೀತಾ ಇದೆಯಪ್ಪಾ?”

ಒಬ್ರಾದ್ ಕೇಳಿದ್ದು ಯಾರನ್ನೂ ಅಲ್ಲ. ಚರ್ಚಿನ ಹಿಂದಿನ ದಿಬ್ಬದಲ್ಲಿ, ಸಮಾಧಿಗಳ ನಡುವೆ, ಅವನೊಬ್ಬನೇ ನಿಂತಿದ್ದ. ಹುಲ್ಲು ಸೊಂಟ ಮುಟ್ಟುತ್ತಿತ್ತು. ಕಲ್ಲಿನ ಶಿಲುಬೆಗಳ ತಲೆಗಳಷ್ಟೇ ಹೊರಗಿದ್ದವು. ತಮ್ಮ ವಿದೋಯೆಯದು ಅದೂ ಕಾಣುತ್ತಿರಲಿಲ್ಲ. ವರ್ಷ ತುಂಬದ ಸಾವು, ಇನ್ನೂ ಮರದ ಗಿಡ್ಡ ಶಿಲುಬೆ.

ಬರುವ ಶನಿವಾರ ಸತ್ತವರ ದಿನ. ಊರವರೆಲ್ಲ ಸತ್ತವರ ಪಾಲಿನ ಬೇಯಿಸಿದ ಗೋಧಿ, ವೈನು, ಮೇಣದಬತ್ತಿ ಹಿಡಿದು ದಿಬ್ಬ ಹತ್ತುತ್ತಾರೆ. ಅಷ್ಟರೊಳಗೆ ಹುಲ್ಲು ಕತ್ತರಿಸಬೇಕು. ಹದಿನೆಂಟು ವರ್ಷದಿಂದ ಆ ಸೇವೆ ಒಬ್ರಾದನ ಮನೆಯದು, ಹುಲ್ಲು ಕತ್ತರಿಸುವ ಅವರ ಪುಟ್ಟ ತೋಟದ ಟ್ರ್ಯಾಕ್ಟರಿನದು.

ಹೋದ ಅಕ್ಟೋಬರಿನಲ್ಲಿ ಅದೇ ಟ್ರ್ಯಾಕ್ಟರ್ ಇಬ್ಬನಿ ಹುಲ್ಲಿನ ಮೇಲೆ ಜಾರಿ, ಓಡಿಸುತ್ತಿದ್ದ ವಿದೋಯೆಯ ಮೇಲೆ ಮಗುಚಿತು. ಒಬ್ರಾದ್ ಎತ್ತಲು ಹೋದ. ಟ್ರ್ಯಾಕ್ಟರ್ ಏಳಲಿಲ್ಲ. ತಮ್ಮನೂ ಏಳಲಿಲ್ಲ. ಒಬ್ರಾದನ ಬಲಭುಜ ಹೋಯಿತು. ಈಗ ಅವನು ಕುಡುಗೋಲು ಬೀಸಲಾರ. ಬೀಸಬಲ್ಲವರು ಊರಲ್ಲಿ ಬೇರೆ ಯಾರೂ ಉಳಿದಿಲ್ಲ.

ಬಿದ್ದ ಟ್ರ್ಯಾಕ್ಟರಿನ ಹಿಂದಿನ ಒಂದು ಟೈರು ಕಲ್ಲಿಗೆ ಬಡಿದು ಸೀಳಿತ್ತು. ಇನ್ನೊಂದನ್ನು ಒಬ್ರಾದನ ಹೆಂಡತಿ ಮಿಲುಂಕಾ ಬಿಚ್ಚಿಸಿ ಹಳ್ಳಕ್ಕೆ ಎಸೆದಿದ್ದಳು. ಚಳಿಗಾಲವಿಡೀ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಇಟ್ಟಿಗೆಯ ಮೇಲೆ ಕೂತಿತ್ತು. ಈಗ ಒಬ್ರಾದ್ ಅದರ ಪಕ್ಕ ಎರಡು ಟೈರು ತಂದಿಟ್ಟಿದ್ದ.

“ನೋಡು, ಹೇಗೆ ಮಿಂಚ್ತವೆ,” ಅಂದ. “ತಿಹೊಮಿರ್ ಕೊಟ್ಟದ್ದು. ವಿಯೆನ್ನಾದಲ್ಲಿ ಅವನ ಮಗ ಗ್ಯಾರೇಜಿನಲ್ಲಿ ಇಟ್ಟಿದ್ದನಂತೆ, ಒಂದು ದಿನವೂ ಓಡಿಲ್ಲ. ಶುಕ್ರವಾರ ಹುಲ್ಲು ಹೊಡೆದುಬಿಡ್ತೀನಿ.”

“ಹೊಡಿ,” ಅಂದಳು ಮಿಲುಂಕಾ. “ಗೋಧಿ ಇನ್ನೊಂದು ಬಟ್ಟಲು ಹೆಚ್ಚಿಗೆ ನೆನೆಸ್ತೀನಿ. ನಿನ್ನ ಪಾಲಿಗೂ ಆಗುತ್ತೆ.”

“ಕುಮ ಕೊಟ್ಟದ್ದನ್ನ ಬೇಡ ಅನ್ನೋಕಾಗುತ್ತೇನೇ?”

ತಿಹೊಮಿರ್ ಅವರಿಗೆ ಕುಮ. ಅವರ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು. ಮೇಲೆ ಚರ್ಚಿನ ಹಿರಿಯ. ಕುಮನಿಗೆ ಇಲ್ಲ ಅಂದರೆ ದೇವರಿಗೇ ಇಲ್ಲ ಅಂದ ಹಾಗೆ ಅಂತ ನಮ್ಮಲ್ಲಿ ನಂಬಿಕೆ.

ಮಿಲುಂಕಾ ಒಳಗೆ ಹೋಗಿ ಟೈರಂಗಡಿಯ ದೇಸಾಳಿಗೆ ಫೋನು ಮಾಡಿದಳು.

ದೇಸಾ ಬಂದಳು. ಅಪ್ಪನ ಅಂಗಡಿಯನ್ನು ಹನ್ನೆರಡು ವರ್ಷದಿಂದ ನಡೆಸುತ್ತಿರುವ ಹೆಂಗಸು. ಒಬ್ರಾದ್ ಹಣ್ಣಿನ ಸಾರಾಯಿ ರಾಕಿಯಾ ಬಗ್ಗಿಸಲು ಹೋದರೆ ಗ್ಲಾಸಿಗೆ ಕೈ ಅಡ್ಡ ಇಟ್ಟಳು. “ಮೊದಲು ಟೈರು.”

ಒದ್ದೆ ಬಟ್ಟೆಯಿಂದ ಟೈರಿನ ಪಕ್ಕೆಯನ್ನು ಒರೆಸಿದಳು. ಮಿಂಚು ಬಟ್ಟೆಗೆ ಬಂತು. “ಒಬ್ರಾದಣ್ಣ, ಇಲ್ಲಿ ನಾಲ್ಕು ಅಂಕಿ ಇದೆ. ಓದು.”

“ಮೂರು, ನಾಲ್ಕು, ಸೊನ್ನೆ, ಎರಡು.”

“ಮೊದಲಿನ ಜೋಡಿ ಟೈರು ತಯಾರಾದ ವಾರ, ಆಮೇಲಿನ ಜೋಡಿ ವರ್ಷ. ಎರಡು ಸಾವಿರದ ಎರಡನೇ ಇಸವಿ, ಮೂವತ್ತನಾಲ್ಕನೇ ವಾರ. ನಿನ್ನ ಮಗಳು ಆಗಿನ್ನೂ ಒಂದನೇ ಕ್ಲಾಸಿಗೆ ಹೋಗಿರಲಿಲ್ಲ.”

“ಓಡೇ ಇಲ್ಲವಲ್ಲ, ಗ್ರಿಪ್ ಒಂಚೂರೂ ಸವೆದಿಲ್ಲ.”

“ಯಾರೂ ತಿನ್ನಲಿಲ್ಲ ಅಂತ ಬ್ರೆಡ್ಡು ಮೆತ್ತಗೇ ಇರುತ್ತಾ?” ಟೈರನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದಳು. ಮುದುಕನ ಹಿಮ್ಮಡಿಯ ಹಾಗೆ ಗೆರೆಗೆರೆಯಾಗಿ ಬಿರುಕುಗಳು ಬಾಯಿಬಿಟ್ಟವು. “ರಬ್ಬರ್ ಗಟ್ಟಿಯಾಗಿದೆ. ಗಟ್ಟಿ ರಬ್ಬರ್ ನೆಲ ಹಿಡಿಯಲ್ಲ.”

“ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಮ್ಮ ದೇಸಾ?”

“ಹಸು ಜಾರಿದ್ರೆ ತಾನು ಬೀಳುತ್ತೆ ಅಣ್ಣ. ಇದು ನಿನ್ನ ಮೇಲೆ ಬೀಳುತ್ತೆ. ತಲೆ ಕಾಯೋ ಕಬ್ಬಿಣದ ಚೌಕಟ್ಟೂ ಇಲ್ಲ ಇದಕ್ಕೆ.” ಟೈರನ್ನು ತಿರುಗಿಸಿ ತೋರಿಸಿದಳು. “ಗ್ರಿಪ್ಪಿನ ಬಟನ್ನು ನೋಡು, ಎಷ್ಟು ಚಿಕ್ಕದು. ಮನೆ ಮುಂದಿನ ಸಮತಟ್ಟು ಹುಲ್ಲಿಗೆ, ಹುಲ್ಲಿಗೆ ನೋವಾಗದ ಹಾಗೆ ಮಾಡಿದ ಟೈರು. ಒದ್ದೆ ಇಳಿಜಾರಿಗಲ್ಲ.”

“ದಪ್ಪ ಗ್ರಿಪ್ಪಿನದು ಹಾಕಿದ್ರೆ ಮಣ್ಣು ಕಿತ್ತು ಬರುತ್ತೆ. ಸತ್ತವರ ಎದೆ ಉಳಬಾರದು ಅಂತ ಹಿರಿಯರು ಹೇಳಿದ್ರು. ಅದಕ್ಕೇ ಅಲ್ವಾ ಹೋದ ವರ್ಷ ನಾನು ನುಣುಪಿನದು ಆರಿಸಿದ್ದು.”

ಹೇಳಿದ ಮೇಲೆ ಅವನಿಗೆ ಆ ಮಾತು ಕೇಳಿಸಿತು. ಕಿವಿಯಿಂದ ಒಳಗಿಳಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಇಟ್ಟಿಗೆಯ ರಾಶಿಯ ಮೇಲೆ ಕೂತ. ಮಿಲುಂಕಾ ಅವನನ್ನು ನೋಡಲಿಲ್ಲ. ಎಂಟು ತಿಂಗಳಿಂದ ಅವಳೂ ಅದನ್ನೇ ಬಾಯಿಗೆ ಬಾರದಂತೆ ಹಿಡಿದಿಟ್ಟಿದ್ದಳು.

“ನನ್ನ ಅಂಗಡಿಯಿಂದಲೇ ನೀನದನ್ನ ಒಯ್ದೆ,” ಅಂದಳು ದೇಸಾ ಮೆಲ್ಲಗೆ. “ಎಲ್ಲಿ ಓಡಿಸ್ತೀಯ ಅಂತ ನಾನು ಕೇಳಲಿಲ್ಲ. ಸೈಜು ಕೇಳಿದೆ, ಕೊಟ್ಟೆ. ಈಗ ಬಂದವರನ್ನೆಲ್ಲ ಕೇಳ್ತೀನಿ. ಕೇಳಿ ಏನು, ವಿದೋಯೆ ಬರ್ತಾನಾ.”

ಒಬ್ರಾದ್ ಕೇಳಿದ, “ಸರಿಯಾದದ್ದು ಯಾವಾಗ ಸಿಗುತ್ತೆ?”

“ಇಳಿಜಾರಿನದು, ಅಡ್ಡಪಟ್ಟಿಯ ದಪ್ಪ ಗ್ರಿಪ್ಪಿನದು, ಇದೇ ಸೈಜಿನದು, ಎರಡೂ ಒಂದೇ ಜೋಡಿ. ತರಿಸೋಕೆ ಹತ್ತು ದಿನ. ಅದನ್ನು ಹಾಕಿದ್ರೂ ಮೇಲಿನ ಕಡಿದಾದ ಸಾಲಿಗೆ ಟ್ರ್ಯಾಕ್ಟರ್ ಬೇಡ. ನೆನೆದ ದಿಬ್ಬವನ್ನ ಗೆಲ್ಲೋ ಟೈರು ಯಾರೂ ಮಾಡಿಲ್ಲ.”

“ಹಾಗಾದ್ರೆ ಶನಿವಾರ ವಿದೋಯೆ ಹುಲ್ಲಿನ ಒಳಗೇ ಇರ್ತಾನಾ?”

“ಇರ್ತಾನೆ,” ಅಂದಳು ಮಿಲುಂಕಾ. “ನೀನು ಹೊರಗಿರ್ತೀಯ.”

ಒಬ್ರಾದ್ ಮುಖ ಒರೆಸಿಕೊಂಡ. “ತರಿಸು ದೇಸಾ,” ಅಂದ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಕೊಟ್ಟಿಗೆಯಲ್ಲೂ ಇಂಥದೊಂದು ಪುಟ್ಟ ಟ್ರ್ಯಾಕ್ಟರ್ ಇರಬಹುದು. ಟೈರು ಬದಲಿಸುವಾಗ ನಿಮ್ಮ ನೆಲ ಎಂಥದು ಅಂತ ಅಂಗಡಿಯವರಿಗೆ ಮೊದಲು ಹೇಳಿ. ಸಮತಟ್ಟು ಹುಲ್ಲಿನದು ಬೇರೆ, ದಿಬ್ಬದ್ದು ಬೇರೆ. ಪಕ್ಕೆಯಲ್ಲಿರುವ ನಾಲ್ಕು ಅಂಕಿ ಓದಿ. ಬಗ್ಗಿಸಿ ಬಿರುಕು ನೋಡಿ. ಸೈಜು ಬದಲಿಸಬೇಡಿ, ಒಂದು ಹಳತು ಒಂದು ಹೊಸತು ಹಾಕಬೇಡಿ, ಎರಡರಲ್ಲೂ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟೇ ಗಾಳಿ ಇರಲಿ. ಇಬ್ಬನಿ ಇದ್ದರೆ ದಿಬ್ಬ ಹತ್ತಬೇಡಿ. ಹುಲ್ಲು ಕಿತ್ತರೆ ಮತ್ತೆ ಹುಟ್ಟುತ್ತದೆ.

ಇಷ್ಟು ತಿಳಿದ ಮೇಲೂ ಕಷ್ಟದ ಒಂದು ಕೆಲಸ ಉಳಿಯುತ್ತದೆ. ಅದು ನಿಮ್ಮ ಬಾಗಿಲಿಗೇ ಬರುತ್ತದೆ, ಬೇಕಾದವರ ಮುಖ ಹೊತ್ತು ಬರುತ್ತದೆ. ಗುರುವಾರ ಮಧ್ಯಾಹ್ನ ಒಬ್ರಾದನ ಬಾಗಿಲಿಗೆ ತಿಹೊಮಿರ್ ಬಂದ.

“ಟೈರು ಕೊಟ್ಟು ವಾರವಾಯ್ತು. ಇನ್ನೂ ಹಾಕಿಲ್ವಾ? ನಾಡಿದ್ದು ಜನ ಹುಲ್ಲಿನಲ್ಲಿ ಅವರವರ ಅಪ್ಪ ಅಮ್ಮನ್ನ ಹುಡುಕಬೇಕಾ?”

“ಹುಡುಕಲಿ, ಕುಮ. ಆ ಟೈರು ಹಳೇದು. ಒಯ್ದು ಬಿಸಾಕು.”

“ನಿನಗೆ ಭಯ. ಆಗಲಿ, ಭಯ ಇರೋರು ಮನೆಲಿರಲಿ. ಟೈರು ನಾನೇ ಹಾಕಿಸ್ತೀನಿ, ನಾನೇ ಓಡಿಸ್ತೀನಿ. ಕೀ ಕೊಡು. ನಿನ್ನ ತಮ್ಮನ ಸಮಾಧಿಯ ಹುಲ್ಲು ನಾನೇ ಮೊದಲು ಹೊಡೆದು ಕೊಡ್ತೀನಿ.” ತಿಹೊಮಿರ್ ಅಂಗೈ ಚಾಚಿದ. “ಮೂವತ್ತು ವರ್ಷದಲ್ಲಿ ನಾನು ಕೇಳಿದ್ದು ಇದೊಂದು. ಕುಮನಿಗೆ ಇಲ್ಲ ಅಂತೀಯಾ?”

“ಅಂತೀನಿ,” ಅಂದ ಒಬ್ರಾದ್. “ಕೀ ಕೊಡಲ್ಲ.”