ಹಲ್ಲಿ ನಂಬರ್ ನಾಲ್ಕರ ಕಾಲ್ಬೆರಳು

ಸೋಮವಾರ ಬೆಳಿಗ್ಗೆ ಪ್ರೆಸ್ಸಿನಿಂದ ನಮ್ಮ ಪತ್ರಿಕೆಯ ಮುಖಪುಟದ ಕಟ್ಟುಗಳು ಬಂದಾಗ ಮೊದಲು ಬಿಚ್ಚಿ ನೋಡಿದವರು ನನ್ನ ಅತ್ತೆ. ಒಂದು ಹಾಳೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಮೆಲ್ಲಗೆ ಅದನ್ನು ಕಟ್ಟಿನೊಳಕ್ಕೆ ತೂರಿಸಿದರು.

"ರೀ, ಕಾಫಿ ಕುಡಿದಾಯ್ತಾ?"

"ಇನ್ನೂ ಇಲ್ಲ," ಎಂದರು ಮಾವ, ಚಿತ್ರ ಬರೆಯುವ ಹಲಗೆಯಿಂದ ತಲೆ ಎತ್ತದೆ.

"ಕುಡಿದುಬಿಡಿ. ಆಮೇಲೆ ಹೇಳ್ತೀನಿ."

ಮದುವೆಯಾಗಿ ಮೂವತ್ತು ವರ್ಷವಾದವರಿಗೆ ಇಷ್ಟು ಸಾಕು. ಮಾವ ಕಾಫಿ ಬಿಟ್ಟು ಎದ್ದು ಬಂದರು.

ಅವರು ಬರೆದು ಕಳಿಸಿದ್ದ ಚಿತ್ರದಲ್ಲಿ ಹಸಿರು ಸಮವಸ್ತ್ರದ ಐವರು ಸೈನಿಕರು ಒಂದು ಮುರಿದ ಸೇತುವೆ ಕಾಯುತ್ತಿದ್ದರು. ಅಚ್ಚಾಗಿ ಬಂದದ್ದರಲ್ಲೂ ಐವರಿದ್ದರು, ಸೇತುವೆಯೂ ಇತ್ತು. ಆದರೆ ಸಮವಸ್ತ್ರ ನಿಂಬೆಹಣ್ಣಿನ ಹಳದಿಗೆ ತಿರುಗಿತ್ತು. ಅವರ ಬೆನ್ನ ಹಿಂದೆ, ಸೇತುವೆಗಿಂತ ಎತ್ತರಕ್ಕೆ, ಗಾಜಿನ ಹಾಗೆ ಆಚೆಯದೆಲ್ಲ ಕಾಣುವ ಒಂದು ನೀಲಿ ಡೈನೋಸಾರ್ ಬಾಯ್ತೆರೆದು ನಿಂತಿತ್ತು. ಅದರ ಹೊಟ್ಟೆಯ ಮೇಲೆ ದೊಡ್ಡದಾಗಿ 'ಚಿತ್ರ ೪' ಎಂದಿತ್ತು.

ಏನಾಗಿರಬೇಕೆಂದು ಹೊಳೆಯಲು ನಮಗೆ ಹೊತ್ತು ಹಿಡಿಯಲಿಲ್ಲ. ಮುಖಪುಟಕ್ಕೆ ನಾಲ್ಕು ಬಣ್ಣ, ಬಣ್ಣಕ್ಕೊಂದು ಅಚ್ಚಿನ ಪ್ಲೇಟು. ನಮ್ಮ ಮುಖಪುಟ ಅಚ್ಚಾಗುವ ಪ್ರೆಸ್ಸಿನಲ್ಲೇ ಶಾಲೆಗಳ ವಿಜ್ಞಾನ ಪಟಗಳೂ ಅಚ್ಚಾಗುತ್ತವೆ. ಅಲ್ಲಿಯ ಯಾರೋ ಪುಣ್ಯಾತ್ಮ ನಮ್ಮ ನೀಲಿ ಪ್ಲೇಟಿನ ಜಾಗಕ್ಕೆ ಪಟದ ನೀಲಿ ಪ್ಲೇಟು ಏರಿಸಿದ್ದ. ಹಸಿರಿನೊಳಗಿನ ನೀಲಿ ಹೋಗಿ ಹಳದಿ ಉಳಿದಿತ್ತು. ಪಾಠದಲ್ಲಿದ್ದ ಪ್ರಾಣಿ ಯುದ್ಧಕ್ಕೆ ಬಂದಿತ್ತು. ಯಾವುದೋ ತರಗತಿಯ ಗೋಡೆಯ ಮೇಲೆ ಈಗ ನೀಲಿ ಸೈನಿಕರು ಡೈನೋಸಾರಿನ ಹೊಟ್ಟೆಯೊಳಗೆ ನಿಂತು ಸೇತುವೆ ಕಾಯುತ್ತಿರಬೇಕು.

"ನನ್ನ ಹಸಿರು," ಎಂದರು ಮಾವ. ಡೈನೋಸಾರ್ ಅವರ ಕಣ್ಣಿಗೆ ಇನ್ನೂ ಬಿದ್ದೇ ಇರಲಿಲ್ಲ.

ನಮ್ಮದು ಯುದ್ಧದ ಚಿತ್ರಕಥೆಗಳ ವಾರಪತ್ರಿಕೆ. ಕಥೆ ಬರೆಯುವವಳು ನಾನು, ಚಿತ್ರ ಬರೆಯುವವರು ನನ್ನ ಸೋದರಮಾವ, ಮಾತಿನ ಗುಳ್ಳೆಗಳೊಳಗೆ ಅಕ್ಷರ ಕೂರಿಸುವವರು ಅತ್ತೆ. ಮಾವನಿಗೆ ಊರಲ್ಲಿ 'ಗುಂಡಿ ಮೇಷ್ಟ್ರು' ಎಂದೇ ಹೆಸರು. ಯುದ್ಧದ ಕಾಲದಲ್ಲಿ ಅವರು ಸೈನ್ಯದ ಬಟ್ಟೆ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಆರು ವರ್ಷ ಕೋಟು ಎಣಿಸಿದರು, ಟೋಪಿ ಎಣಿಸಿದರು, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಎಣಿಸಿದರು. ಒಂದೇ ಒಂದು ಗುಂಡು ಹಾರಿಸಲಿಲ್ಲ. ಹಾಗಾಗಿ ಅವರ ಚಿತ್ರಗಳಲ್ಲಿ ಬಾಂಬು ಸಿಡಿದು ಮನುಷ್ಯ ಆಕಾಶಕ್ಕೆ ಹಾರಿದರೂ ಅವನ ಕೋಟಿನ ಗುಂಡಿ ಏಳು ಎಂದರೆ ಏಳೇ.

ಪತ್ರಿಕೆಯ ಕೊನೆಯ ಪುಟದಲ್ಲಿ 'ಗುರಿ ತಪ್ಪಿತೇ?' ಎಂಬ ಅಂಕಣವಿತ್ತು. ಚಿತ್ರಗಳಲ್ಲಿ ತಪ್ಪು ಕಂಡವರು ಬರೆಯಬಹುದು. ಹನ್ನೊಂದು ವರ್ಷದ ಹಿಂದೆ, ಒಂದು ಗಳಿಗೆಯ ಹುಮ್ಮಸ್ಸಿನಲ್ಲಿ, ಮಾವ ಅದೇ ಅಂಕಣದಲ್ಲಿ ಒಂದು ಮಾತು ಅಚ್ಚು ಹಾಕಿಸಿದ್ದರು: 'ನನ್ನ ಚಿತ್ರದಲ್ಲಿ ಒಂದು ತಪ್ಪು ಸಾಬೀತಾದ ದಿನ ಕುಂಚ ಕೆಳಗಿಡುತ್ತೇನೆ.' ಅಂದಿನಿಂದ ಒಬ್ಬ ಓದುಗ ವಾರಕ್ಕೊಂದು ಕಾರ್ಡು ಹಾಕುತ್ತಿದ್ದ. ರುಜು: 'ಭೂತಗನ್ನಡಿ.' ಬೆಲ್ಟಿನ ಕೊಂಡಿ, ಟ್ರಕ್ಕಿನ ದೀಪ, ಮೀಸೆಯ ಅಳತೆ, ಅವನು ಯಾವುದನ್ನೂ ಬಿಟ್ಟವನಲ್ಲ. ಮಾವ ಪ್ರತಿ ಸಲವೂ ಹಳೆಯ ಉಗ್ರಾಣದ ಕೈಪಿಡಿ ತೆಗೆದು ಅವನ ಬಾಯಿ ಮುಚ್ಚಿಸುತ್ತಿದ್ದರು. ಹನ್ನೊಂದು ವರ್ಷ, ಒಂದೂ ಸೋಲಿಲ್ಲ. ಅತ್ತೆಗಿಂತ ಅವನ ವಿಷಯವನ್ನೇ ಮಾವ ಹೆಚ್ಚು ಯೋಚಿಸುತ್ತಾರೆ ಎಂಬುದು ಅತ್ತೆಯ ದೂರು.

ಪತ್ರಿಕೆಯ ಯಜಮಾನಿ ಮಹಡಿಯಿಂದ ಇಳಿದು ಬಂದು ಮುಖಪುಟ ನೋಡಿದರು.

"ಚೆನ್ನಾಗಿದೆಯಲ್ರೀ ಮೇಷ್ಟ್ರೇ!"

"ಯಾವುದು ಚೆನ್ನಾಗಿದೆ, ಮೇಡಂ?"

"ಹಲ್ಲಿ."

"ಅದು ಪ್ರೆಸ್ಸಿನವರ ತಪ್ಪು!"

"ತಪ್ಪಾದ್ರೇನು, ಮುಖದಲ್ಲಿ ಕಳೆ ಇದೆ. ಇಪ್ಪತ್ತು ಸಾವಿರ ಅಚ್ಚಾಗಿದೆ, ಮತ್ತೆ ಹಾಕಿಸೋಕೆ ದಿನ ಇಲ್ಲ. ಒಳಪುಟ ಗುರುವಾರ ಹೋಗ್ಬೇಕು. ಮುಖಪುಟದಲ್ಲಿ ಇರೋದು ಒಳಗೂ ಇರ್ಬೇಕು ಅಂತ ನಮ್ಮಪ್ಪ ಮಾಡಿದ ನಿಯಮ. ನಾನು ಮುರಿಯಲ್ಲ." ನನ್ನ ಕಡೆ ತಿರುಗಿದರು. "ಏನಮ್ಮಾ, ಬರೀತೀಯಲ್ಲ?"

ಬರೆಯದೇ ಇರುತ್ತೇನೆಯೇ? ನನ್ನ ಮೇಜಿನ ಖಾನೆಯಲ್ಲಿ ಚಂದ್ರನಲ್ಲಿ ಕಂದಕ ತೋಡುವವರು, ನಾಳೆಯ ಗುಂಡೇಟಿಗೆ ಇವತ್ತೇ ಬೀಳುವವರು, ಮಾತಾಡುವ ಫಿರಂಗಿ, ಇವರೆಲ್ಲ ನಾಲ್ಕು ವರ್ಷದಿಂದ ಉಸಿರು ಕಟ್ಟಿ ಕೂತಿದ್ದರು. ನಾನು ಮುಖ ಸಪ್ಪಗೆ ಮಾಡಿಕೊಂಡು, "ಪ್ರಯತ್ನ ಮಾಡ್ತೀನಿ ಮೇಡಂ," ಎಂದೆ. ಮೇಜಿನ ಕೆಳಗೆ ನನ್ನ ಕಾಲು ಕುಣಿಯುತ್ತಿತ್ತು.

"ನಾನು ಬರೆಯಲ್ಲ," ಎಂದರು ಮಾವ, ಯಜಮಾನಿ ಮೆಟ್ಟಿಲು ಹತ್ತಿದ ಮೇಲೆ. "ಯುದ್ಧದಲ್ಲಿ ಎಲ್ಲಿತ್ತೇ ಹಲ್ಲಿ? ಆ ಭೂತಗನ್ನಡಿ ನನ್ನ ಚರ್ಮ ಸುಲೀತಾನೆ."

"ಹೇಗೆ ಸುಲೀತಾನೆ ಮಾವ? ಇಲ್ಲದ ಪ್ರಾಣಿ ಇದು. ಸರಿ ಯಾವುದು ಅಂತ ಗೊತ್ತಿದ್ರೆ ತಾನೇ ತಪ್ಪು ಹುಡುಕೋದು? ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ ಅವನ ಕೈ ಖಾಲಿ!"

ಮಾವನ ಮೀಸೆಯ ಒಂದು ತುದಿ ಮಾತ್ರ ಮೇಲೆದ್ದಿತು.

"ಅವನಿಗೆ ಕೈಪಿಡೀನೇ ಇರಲ್ಲ," ಎಂದರು.

"ಇರಲ್ಲ."

"ಆದ್ರೆ ಸಮವಸ್ತ್ರ ಹಳದಿ ಯಾಕೆ?"

"ಹಲ್ಲಿಗೆ ಹಳದಿ ಹಾಕ್ಕೊಂಡಿರೋರು ಮಾತ್ರ ತನ್ನೋರು. ಬೇರೆ ಬಣ್ಣ ಕಂಡ್ರೆ ತಿಂದುಬಿಡುತ್ತೆ."

"ಹೊಟ್ಟೆ ಮೇಲೆ ಚಿತ್ರ ನಾಲ್ಕು ಅಂತ ಇದೆಯಲ್ಲ?"

"ಅದು ಸೈನ್ಯದ ಗುಪ್ತ ಸಂಖ್ಯೆ. ಹಲ್ಲಿ ನಂಬರ್ ನಾಲ್ಕು."

"ಉಳಿದ ಮೂರು ಎಲ್ಲಿ?"

"ಗುಪ್ತ ಅಂದ್ನಲ್ಲ, ಮಾವ!"

ಆ ಮೂರು ದಿನ ಮಾವನನ್ನು ಹಿಡಿಯುವವರಿರಲಿಲ್ಲ. ನಾನು ಕಲ್ಪನೆ ಹಾರಿಸಿ ಹಾರಿಸಿ ಬರೆದೆ. ಅವರು ಪ್ರತಿಯೊಂದಕ್ಕೂ ಲೆಕ್ಕ ಕೇಳಿದರು. ಹಲ್ಲಿಯ ತೂಕ ಎಷ್ಟು, ಸವಾರ ಎಲ್ಲಿ ಕೂರುತ್ತಾನೆ, ಏರಲು ಏಣಿ ಇದೆಯೇ, ಚಳಿಗಾಲದಲ್ಲಿ ಅದಕ್ಕೇನು ಗತಿ? ಚಳಿಗಾಲ ಎಂದದ್ದೇ ತಡ, ಅದಕ್ಕೊಂದು ಕೋಟು ಹೊಲಿಸಿದರು. ಕೋಟಿಗೆ ಎಡಪಕ್ಕ ನೂರಾ ನಾಲ್ಕು ಗುಂಡಿ. ಎಲ್ಲ ಪುಟದಲ್ಲೂ ನೂರಾ ನಾಲ್ಕು. ಅತ್ತೆ ಹಲ್ಲಿಯ ಗರ್ಜನೆಯನ್ನು ಬರೆದು ಬರೆದು ಶಾಯಿ ಖಾಲಿ ಮಾಡಿದರು.

"ಮನೆಯಲ್ಲಿ ಅಂಗಿಯ ಗುಂಡಿ ಕಿತ್ತುಹೋದ್ರೆ ನೋಡದ ಮನುಷ್ಯ," ಎಂದು ಅತ್ತೆ ನನಗೆ ಕೇಳುವಂತೆ ಹೇಳಿದರು, "ಹಲ್ಲಿಗೆ ನೂರಾ ನಾಲ್ಕು!"

ಸಂಚಿಕೆ ಬಂದ ವಾರ ಅಂಗಡಿಗಳಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ. ಯಜಮಾನಿ ಮೆಟ್ಟಿಲಿಳಿಯುವಾಗ ಹಾಡು ಗುನುಗುತ್ತಿದ್ದರು. ಮಾವ ಮಾತ್ರ ದಿನವೂ ಬಾಗಿಲ ಬಳಿ ಅಂಚೆಯವನಿಗೆ ಕಾದರು. ಗೆದ್ದವನ ಕಾರ್ಡು ಓದಲು ಅಷ್ಟು ಆತುರವಿರುವುದಿಲ್ಲ. ಸೋತವನ ಕಾರ್ಡಿಗಾಗಿ ಕಾಯುವ ಸುಖವೇ ಬೇರೆ.

ಶುಕ್ರವಾರ ಕಾರ್ಡು ಬಂತು. ಮಾವ ನಿಂತೇ ಓದಿದರು. ಓದಿ, ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, ಕುಂಚಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋದರು.

'ಮಾನ್ಯರೇ, ಹಲ್ಲಿಯನ್ನು ಒಪ್ಪಿಕೊಂಡಿದ್ದೇನೆ. ಹಳದಿಯನ್ನೂ ಒಪ್ಪಿಕೊಂಡಿದ್ದೇನೆ. ಗುಂಡಿಗಳನ್ನು ಎರಡು ಸಲ ಎಣಿಸಿದೆ, ಸರಿ ಇವೆ. ಆದರೆ ನಾಲ್ಕನೇ ಪುಟದಲ್ಲಿ ಅದರ ಮುಂಗಾಲಿಗೆ ಮೂರು ಬೆರಳು. ಆರನೇ ಪುಟದಿಂದ ನಾಲ್ಕು ಬೆರಳು. ನಾನು ಈ ಪ್ರಾಣಿಯನ್ನು ನೋಡಿದವನಲ್ಲ. ನೋಡಿದವರು ತಾವು. ತಾವೇ ಹೇಳಿ. ಇತಿ, ಭೂತಗನ್ನಡಿ.'

ನಾನು ಪುಟಗಳನ್ನು ತೆರೆದೆ. ಮೂರು. ನಾಲ್ಕು. ಮೊದಲ ಪುಟಗಳನ್ನು ಮಾವ ತಲೆಯಿಂದ ಬರೆದಿದ್ದರು. ಬುಧವಾರ ಅವಸರಕ್ಕೆ ಮುಖಪುಟ ಎದುರಿಗಿಟ್ಟುಕೊಂಡು ಬರೆದಿದ್ದರು. ವಿಜ್ಞಾನ ಪಟದ ಹಲ್ಲಿಗೆ ನಾಲ್ಕು ಬೆರಳಿದ್ದವು.

ಮಾವ ಒದ್ದೆ ಕೈಯಲ್ಲೇ ಒಂದು ಚೀಟಿ ಬರೆದು ಅತ್ತೆಯ ಮುಂದಿಟ್ಟರು. 'ತಪ್ಪು ನನ್ನದು. ಕುಂಚ ಕೆಳಗಿಟ್ಟಿದ್ದೇನೆ.'

"ಇದನ್ನ ಅಂಕಣದಲ್ಲಿ ಹಾಕು."

"ಈಗ ಆಗಲ್ಲ. ಸಾಲಲ್ಲಿ ನಿಂತ್ಕೊಳ್ಳಿ," ಎಂದರು ಅತ್ತೆ. ಆದರೆ ಅವರ ಕೈಯ ಪೆನ್ನು ನಿಂತುಬಿಟ್ಟಿತ್ತು. ಮಾವ ಕೊಟ್ಟ ಮಾತು ಹಿಂತೆಗೆಯುವವರಲ್ಲ. ಅವರು ಹೋದರೆ ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ಆದರೆ ಹಲಗೆಯಿಲ್ಲದ ಮಾವನನ್ನು ಎಲ್ಲಿ ಕೂರಿಸುವುದು? ಮನೆಯಲ್ಲಿ ಕೂತರೆ ಎಣಿಸಲು ಅತ್ತೆಯ ಪಾತ್ರೆಗಳಷ್ಟೇ ಇದ್ದವು.

"ಒಂದು ಗಂಟೆ ಕೊಡಿ ಮಾವ," ಎಂದೆ.

"ಯಾಕೆ?"

"ಮುಂದಿನ ಕಥೆ ನಾನೇ ತಾನೇ ಬರೀಬೇಕು. ಯಾರು ಚಿತ್ರ ಬರೆದ್ರೂ ಕಥೆ ಬೇಕಲ್ಲ."

ಮಾವ ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ನಾನು ಎಂಟೂ ಪುಟಗಳನ್ನು ಸಾಲಾಗಿ ಹರಡಿ, ಭೂತಗನ್ನಡಿಯ ಕಣ್ಣಿನಿಂದಲೇ ನೋಡಿದೆ. ಐದನೇ ಪುಟದಲ್ಲಿ ನನ್ನ ಬೆರಳು ನಿಂತಿತು. ಬರೆದೆ. ಗಂಟೆ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿದೆ:

"ಮೊದಲ ಚಿತ್ರ. ಸೇನಾಪತಿ ನೆಲದ ಹೆಜ್ಜೆ ಗುರುತಿನ ಮೇಲೆ ಬಗ್ಗಿದ್ದಾನೆ. 'ನಾಲ್ಕು ಬೆರಳು! ಇದು ನಮ್ಮ ಹಲ್ಲಿಯಲ್ಲ! ಶತ್ರುಗಳ ಗೂಢಚಾರ!'"

ಚೀಲದ ಸದ್ದು ನಿಂತಿತು.

"ಇದು ಮೋಸ," ಎಂದರು ಮಾವ.

"ಮೋಸ ಎಲ್ಲಿ ಬಂತು? ಮೂರು ಬೆರಳಿದ್ದದ್ದು ಅಚ್ಚಾಗಿದೆ. ನಾಲ್ಕು ಬೆರಳಿದ್ದದ್ದೂ ಅಚ್ಚಾಗಿದೆ. ಎರಡೂ ನಿಜ ಅಂದ್ರೆ ಹಲ್ಲಿ ಎರಡು."

"ಅದಲು ಬದಲು ಆದದ್ದೆಲ್ಲಿ?"

"ಐದನೇ ಪುಟ. ಗುಡ್ಡದ ಹಿಂದೆ."

ಮಾವ ಬಂದು ಬಗ್ಗಿ ನೋಡಿದರು. ಐದನೇ ಪುಟದಲ್ಲಿ ಇಡೀ ಹಲ್ಲಿ ಗುಡ್ಡದ ಮರೆಯಲ್ಲಿತ್ತು. ಹೊರಗೆ ಕಾಣುತ್ತಿದ್ದದ್ದು ಒಂದು ಬಾಲ. ಅಂದು ಅವರ ಕೈ ನೋಯುತ್ತಿತ್ತು ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

"ಇಲ್ಲ, ನಡೆಯಲ್ಲ," ಎಂದರು. ಆದರೆ ದನಿ ಉಗ್ರಾಣದ ಗುಮಾಸ್ತನದು. ಬೇಡ ಎನ್ನುವವನದಲ್ಲ, ಪರಿಶೀಲಿಸುವವನದು. "ಗೂಢಚಾರನಿಗೆ ನಮ್ಮ ಕೋಟು ಹೇಗೆ ಬಂತು? ಉಗ್ರಾಣದಲ್ಲಿ ಒಂದು ಕೋಟು ಕಡಿಮೆ ಬರ್ಬೇಕಲ್ಲ?"

"ಬಂದಿದೆ."

"ಯಾರು ಕಂಡುಹಿಡಿದದ್ದು?"

"ಉಗ್ರಾಣದ ಗುಮಾಸ್ತ. ಒಂದೂ ಗುಂಡು ಹಾರಿಸದವನು. ಕೋಟು ಎಣಿಸಿ ಎಣಿಸಿ ಇಡೀ ಸೈನ್ಯ ಉಳಿಸ್ತಾನೆ. ಮುಂದಿನ ಸಂಚಿಕೆಯ ನಾಯಕ ಅವನೇ."

ಹನ್ನೊಂದು ವರ್ಷದಲ್ಲಿ ಮಾವ ಬರೆದ ನಾಯಕರಿಗೆಲ್ಲ ಅಗಲ ಎದೆ, ಕೈಯಲ್ಲಿ ಬಂದೂಕು ಇದ್ದವು.

"ಅವನಿಗೆ ಕನ್ನಡಕ ಇದೆಯಾ?" ಎಂದು ಕೇಳಿದರು, ಬೇರೆ ಕಡೆ ನೋಡುತ್ತ.

"ಇದೆ."

"ಬಲಗಿವಿ ಹಿಂದೆ ಪೆನ್ಸಿಲು ಇರುತ್ತೆ. ಎಡಕ್ಕಲ್ಲ. ಬರ್ಕೋ." ಚೀಲ ಬಿಚ್ಚಿದರು. ಕುಂಚ ಇನ್ನೂ ಒದ್ದೆಯಿತ್ತು.

ಅತ್ತೆ ಆ ಚೀಟಿಯನ್ನು ಎರಡಾಗಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಸಿಕ್ಕಿಸಿದರು.

ಗುಮಾಸ್ತನ ಸಂಚಿಕೆ ಬಂದ ಆರನೇ ದಿನ ಕಾರ್ಡು ಬಂತು: 'ಗೂಢಚಾರನ ಅನುಮಾನ ನನಗೆ ಮೊದಲೇ ಇತ್ತು. ಅದಕ್ಕೇ ಬೆರಳಿನ ವಿಷಯ ಬರೆದು ಎಚ್ಚರಿಸಿದ್ದೆ. ಇತಿ, ಭೂತಗನ್ನಡಿ.'

"ಎಂಥ ಸುಳ್ಳ ನೋಡೇ ಇವನು!" ಎಂದು ಮಾವ ಕಾರ್ಡನ್ನು ಗಾಳಿಯಲ್ಲಿ ಬೀಸಿದರು. "ಮೊದಲೇ ಇತ್ತಂತೆ! ಇಷ್ಟು ವರ್ಷದಲ್ಲಿ ಒಂದು ಸುಳ್ಳು ಹೇಳಿದವನಲ್ಲ, ಈಗ ಶುರು ಮಾಡಿದ."

"ಅವನಿಗೆ ಹೇಗೆ ಗೊತ್ತಿರುತ್ತೆ, ಪಾಪ," ಎಂದರು ಅತ್ತೆ.

"ಅದೇ ಮತ್ತೆ. ನಾನು ಬೇಕಂತಲೇ ಗುಡ್ಡದ ಹಿಂದೆ ಬರೀ ಬಾಲ ಬಿಟ್ಟಿದ್ದೆ," ಎಂದರು ಮಾವ, ಕಣ್ಣು ಕೂಡ ಮಿಟುಕಿಸದೆ. ಹಲಗೆಗೆ ಬಗ್ಗಿ ಗೂಢಚಾರ ಹಲ್ಲಿಯ ಕೋಟಿಗೆ, ಕದ್ದದ್ದಕ್ಕಲ್ಲ, ಅದರ ಸ್ವಂತದ್ದಕ್ಕೆ, ಗುಂಡಿ ಹಾಕತೊಡಗಿದರು.

ಈ ಸಲ ಬಲಪಕ್ಕ. ಶತ್ರುಗಳು ಹಾಗೇ ಹೊಲಿಸುತ್ತಾರಂತೆ.