ಎರಡನೆಯ ಮೆಟ್ಟಿಲು

ರಫೂ ಅಕ್ಕನ ಕೆಲಸ ಹೇಗಿರಬೇಕೆಂದರೆ, ಅದು ಆಗಿದೆಯೆಂದು ಯಾರಿಗೂ ಗೊತ್ತಾಗಬಾರದು. ಹುಳು ತಿಂದ ತೂತು, ಮೊಳೆಗೆ ಸಿಕ್ಕಿ ಹರಿದ ಸೀಳು, ಕಿಡಿ ಬಿದ್ದು ಸುಟ್ಟ ಜಾಗ, ಎಲ್ಲವನ್ನೂ ಎಳೆಗೆ ಎಳೆ ನೇಯ್ದು ಮುಚ್ಚಿಬಿಡಬೇಕು. ಮೂವತ್ತು ವರ್ಷಗಳಲ್ಲಿ ಅವಳನ್ನು ಹೊಗಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಎಲ್ಲಿತ್ತು ಅಂತಲೇ ಸಿಗ್ತಿಲ್ಲವಲ್ಲ ಅಕ್ಕ!" ಅಷ್ಟು ಕೇಳಿದರೆ ಅವಳಿಗೆ ಅವತ್ತಿನ ಊಟ ಮೈಗೆ ಹತ್ತುತ್ತಿತ್ತು.

ಹಳೆ ಪೇಟೆಯ ಅವಳ ಓಣಿ ಈಗಿಲ್ಲ. ಅಲ್ಲಿ ಮೂವತ್ತೆಂಟು ಮಹಡಿಯ ಕಟ್ಟಡ ಎದ್ದಿದೆ. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆಗಳು. ಓಣಿಯ ನೆನಪಿಗೆಂದು ಹಳೆ ಅಂಗಡಿಸಾಲಿನ ಮುಂದಿನ ಗೋಡೆಯನ್ನಷ್ಟೇ ಉಳಿಸಿ, ಅದರ ಬೆನ್ನಿಗೆ ಗಾಜಿನ ಗೋಪುರ ನಿಲ್ಲಿಸಿದ್ದಾರೆ. ಅಕ್ಕನ ಹಳೆ ಬಾಗಿಲು ಅಲ್ಲಿಯೇ ಇದೆ, ಒಳಗಡೆಯಿಂದ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಬಾಗಿಲ ಮುಂದಿನ ಮೂರು ಕಲ್ಲುಮೆಟ್ಟಿಲೂ ಇವೆ. ಅವುಗಳಿಗೆ ಪಾಲಿಶ್ ಹೊಡೆದು, ಸುತ್ತ ಹಿತ್ತಾಳೆ ಸರಪಳಿ ಹಾಕಿ, 'ಹತ್ತಬಾರದು, ಕೂರಬಾರದು' ಎಂದು ಫಲಕ ಹಾಕಿದ್ದಾರೆ. ಮೂವತ್ತು ವರ್ಷ ಅಕ್ಕ ಕೂತಿದ್ದು ಅವುಗಳಲ್ಲಿ ಎರಡನೆಯದರ ಮೇಲೆ.

ಆದರೂ ಅವಳು ಗೊಣಗಿದವಳಲ್ಲ. ಓಣಿಯವರಿಗೆಲ್ಲ ಅಳತೆಗೆ ಅಳತೆ ಅಂಗಡಿ ಕೊಡುತ್ತೇವೆಂದಿದ್ದ ಕಟ್ಟಡದವರು ಮಾತಿಗೆ ತಪ್ಪಲಿಲ್ಲ. ಅಕ್ಕನಿಗೆ ಒಳಗಿನ ಸಾಲಿನಲ್ಲಿ ಅಂಗಡಿ ಸಿಕ್ಕಿತು. ಸೋರುವುದಿಲ್ಲ, ಧೂಳಿಲ್ಲ, ಇಲಿಯ ಕಾಟವಿಲ್ಲ, ಹಗಲು ಹೊತ್ತಿನಲ್ಲೂ ಉರಿಯುವ ಬಿಳಿ ದೀಪಗಳು. "ಆಪರೇಷನ್ ಥಿಯೇಟರ್ ಕೊಟ್ಟುಬಿಟ್ಟಿದ್ದಾರೆ ಕಣೇ ನಂಗೆ" ಎಂದು ತಂಗಿಯ ಮುಂದೆ ಬೀಗಿದ್ದಳು.

ಟೀಚರಮ್ಮ ಕಪ್ಪು ಕೋಟು ತಂದದ್ದು ಆ ಅಂಗಡಿಗೇ. ಅವರೂ ಹಳೆ ಓಣಿಯವರು. ಈಗ ಇಪ್ಪತ್ತೊಂದನೆಯ ಮಹಡಿಯಲ್ಲಿ ಮಗಳ ಜೊತೆ ಇದ್ದಾರೆ. ಕೋಟು ತೀರಿಹೋದ ಗಂಡನದು, ವಕೀಲರದು. ಬಲಮೊಣಕೈಯಲ್ಲಿ ಹುಳು ತಿಂದು ಬೆರಳು ತೂರುವಷ್ಟು ತೂತು ಮಾಡಿತ್ತು.

"ಮಗಳು ಗುರುವಾರ ಮೊದಲನೇ ಸಲ ಕೋರ್ಟಲ್ಲಿ ನಿಂತು ವಾದ ಮಾಡ್ತಾಳಮ್ಮ. ಅಪ್ಪನ ಕೋಟೇ ಬೇಕಂತೆ. ಉದ್ದ ಅಗಲ ಎಲ್ಲ ಸರಿ ಮಾಡಿಸಿದ್ದೀನಿ. ಇದೊಂದು ನಿನ್ನ ಕೈಲೇ ಆಗಬೇಕು."

"ಕಪ್ಪು ತಾನೇ ಟೀಚರಮ್ಮ? ಬಿಡಿ, ನಂಗೆ ಬಿಟ್ಟುಬಿಡಿ" ಎಂದಳು ಅಕ್ಕ.

ಸೋಮವಾರ ಕೋಟು ಕೊಟ್ಟಳು. ಟೀಚರಮ್ಮ ದೀಪದ ಕೆಳಗೆ ಹಿಡಿದು ನೋಡಿ, ಸಿಗುತ್ತಿಲ್ಲ ಎಂದು ನಕ್ಕು ಹೋದರು. ಮಂಗಳವಾರ ಬೆಳಗ್ಗೆ ಮತ್ತೆ ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ಕಣ್ಣೇ ಸರಿ ಇಲ್ಲವೇನೋ ತಾಯಿ. ಒಂದು ಸಲ ಹೊರಗೆ ಬಂದು ನೋಡ್ತೀಯಾ?"

ರಸ್ತೆಯ ಬೆಳಕಿನಲ್ಲಿ ಅಕ್ಕ ಕೋಟು ಬಿಡಿಸಿದಳು. ಮೊಣಕೈ ಮೇಲೆ ಕಂದು ಬಣ್ಣದ ತೇಪೆ, ಚಹಾ ಚೆಲ್ಲಿದ ಹಾಗೆ, ಮಾರು ದೂರದಿಂದ ಕಾಣುತ್ತಿತ್ತು. ಕಪ್ಪೆಂದರೆ ಒಂದು ಕಪ್ಪಲ್ಲ. ನೀಲಿಗಪ್ಪು ಉಂಟು, ಹಸಿರುಗಪ್ಪು ಉಂಟು, ಕಂದುಗಪ್ಪು ಉಂಟು. ಎಲ್ಲವನ್ನೂ ಹೊಸ ಅಂಗಡಿಯ ಆ ಬಿಳಿ ದೀಪ ಒಂದೇ ಮಾಡಿ ತೋರಿಸುತ್ತದೆ. ಹಗಲು ಬೆಳಕಿನಲ್ಲಿ ದಾರ ಹೊಂದಿಸದೆ ಸೂಜಿ ಮುಟ್ಟಬಾರದೆಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದರು. ಮೆಟ್ಟಿಲ ಮೇಲೆ ಕೂತಿದ್ದವಳಿಗೆ ಆ ಪಾಠ ನೆನಪಿಡುವ ಅಗತ್ಯವೇ ಬಿದ್ದಿರಲಿಲ್ಲ. ಬೆಳಕು ತಾನಾಗಿಯೇ ಮಡಿಲಿಗೆ ಬಂದು ಬೀಳುತ್ತಿತ್ತು.

"ಇದನ್ನ ಹಾಕ್ಕೊಂಡು ಹುಡುಗಿ ಕೋರ್ಟಲ್ಲಿ ಕೈ ಎತ್ತಿದ್ದರೆ..." ಅಕ್ಕ ಕೋಟನ್ನು ಮಡಿಚಿ ಕಂಕುಳಿಗೆ ಸೇರಿಸಿದಳು. "ಬಿಟ್ಟು ಹೋಗಿ ಟೀಚರಮ್ಮ. ನಾಳೆ ಸಾಯಂಕಾಲದೊಳಗೆ ಕೊಡ್ತೀನಿ."

ಹೇಳುವುದೇನೋ ಹೇಳಿದಳು, ಮಾಡುವುದೆಲ್ಲಿ? ದಾರದ ಪೆಟ್ಟಿಗೆ ಹೊತ್ತು ಮುಂಬಾಗಿಲಿಗೆ ಹೋಗಿ ಕೂತಳು. ದಾರಿಗೆ ಅಡ್ಡ ಎಂದು ಕಾವಲಿನವನು ಎಬ್ಬಿಸಿದ. ರಸ್ತೆಬದಿ ನಿಂತಳು; ನಿಂತುಕೊಂಡು ದಾರ ಹೊಂದಿಸಬಹುದು, ಎಳೆ ಎಣಿಸಲಾಗುವುದಿಲ್ಲ. ಒಳಗೊಂದು ಎಳೆ ಹಾಕಿ, ಹೊರಗೆ ಓಡಿಬಂದು ನೋಡಿ, ಮತ್ತೆ ಒಳಗೋಡಿದಳು. ಹೀಗೆ ಮಂಗಳವಾರ ಪೂರ್ತಿ ಕಾಲು ಸವೆಸಿದ್ದಕ್ಕೆ ಹಳೆ ದಾರ ಬಿಚ್ಚಿದ್ದಷ್ಟೇ ಲಾಭ.

ಬುಧವಾರ ಬೆಳಗ್ಗೆ ಸರಪಳಿಯ ಎದುರು ನಿಂತಳು. ಇದು ಅವಳೇ ಕೈಯಾರೆ ಮಾಡಿಕೊಂಡದ್ದು. ಓಣಿ ಅಳೆಯಲು ಬಂದ ಅಳತೆಯವನು ಟೇಪು ಹಿಡಿದು, "ಅಮ್ಮ, ಮೆಟ್ಟಿಲೂ ಬರಕೊಳ್ಳಲಾ?" ಎಂದು ಕೇಳಿದ್ದ. "ಬೇಡಪ್ಪ, ಮೆಟ್ಟಿಲು ಬೀದೀದು. ನಂದು ಹೊಸ್ತಿಲಿನಿಂದ ಒಳಗೆ ಮಾತ್ರ" ಎಂದಿದ್ದಳು ಈ ಮಹಾ ಪ್ರಾಮಾಣಿಕಳು. ಅಕ್ಕಪಕ್ಕದವರು ಹಿಂದಿನ ಚರಂಡಿಯನ್ನೂ ಅಂಗಡಿಗೆ ಸೇರಿಸಿ ಬರೆಸುತ್ತಿದ್ದಾಗ, ಇವಳು ಅಂಗಡಿಯಂತಿದ್ದ ಮೆಟ್ಟಿಲನ್ನೇ ಬಿಟ್ಟು ಒಳಗಿನ ಗೋದಾಮನ್ನಷ್ಟೇ ಬರೆಸಿದ್ದಳು.

ಆಚೀಚೆ ನೋಡಿದಳು. ಸೀರೆ ಎತ್ತಿ ಸರಪಳಿ ದಾಟಿದಳು. ಎರಡನೆಯ ಮೆಟ್ಟಿಲ ಮೇಲೆ ಕೂತು ಕೋಟನ್ನು ಮಡಿಲಿಗೆಳೆದುಕೊಂಡಳು. ಪೆಟ್ಟಿಗೆಯ ಹನ್ನೊಂದು ಕಪ್ಪುಗಳಲ್ಲಿ ಬೇಕಾದದ್ದು ಕೂಡಲೇ ಕಣ್ಣಿಗೆ ಬಿತ್ತು, ಕರೆದ ಹಾಗೆ.

ಅರ್ಧ ನೇಯ್ದಾಗ ಮಡಿಲ ಮೇಲೆ ನೆರಳು ಬಿತ್ತು. ಕಟ್ಟಡದ ಮ್ಯಾನೇಜರು. ಒಳ್ಳೆಯವನೇ, ಆದರೆ ನಿಯಮವೆಂದರೆ ನಿಯಮ ಎನ್ನುವವನು.

"ಏನಕ್ಕ ಇದು? ಬೋರ್ಡ್ ಕಾಣಲ್ವಾ? ಏಳಿ ಮೇಲೆ."

"ಕಾಣತ್ತಪ್ಪ. ಇಲ್ಲಿ ಎಲ್ಲಾನೂ ಕಾಣತ್ತೆ, ಅದಕ್ಕೇ ಕೂತಿರೋದು. ಸ್ವಲ್ಪ ಪಕ್ಕಕ್ಕೆ ನಿಲ್ಲು, ಬೆಳಕು ಬಿಡು."

"ಇವತ್ತು ನಿಮ್ಮನ್ನ ಬಿಟ್ಟರೆ ನಾಳೆ ಎಲ್ಲರೂ ಬಂದು ಕೂರ್ತಾರೆ."

ಅಕ್ಕ ತಲೆಯೆತ್ತಿದಳು. ಕಣ್ಣು ಅವನ ಮುಖಕ್ಕೆ ಹೋಗದೆ, ಪ್ಯಾಂಟಿನ ಮಂಡಿಯಲ್ಲೇ ನಿಂತಿತು. "ಹೋದ ತಿಂಗಳು ಇದನ್ನ ಮಾಡಿಕೊಟ್ಟೋಳು ನಾನೇ ಅಲ್ವಾ?"

"ಹೌದು. ಚೆನ್ನಾಗೇ ಇದೆಯಲ್ಲ."

"ಈ ಕಡೆ ತಿರುಗಿ ನೋಡ್ಕೋ."

ಮ್ಯಾನೇಜರು ಬಗ್ಗಿ ನೋಡಿಕೊಂಡ. ಕಪ್ಪು ಪ್ಯಾಂಟಿನ ಮಂಡಿಯ ಮೇಲೆ ಹಸಿರು ಚೌಕ. ತಿಂಗಳಿಡೀ ಅವನು ಅದನ್ನು ತೊಟ್ಟು ದೊಡ್ಡದೊಡ್ಡವರನ್ನು ಮುಂಬಾಗಿಲಲ್ಲಿ ಬರಮಾಡಿಕೊಂಡಿದ್ದ. ಕಿವಿಯವರೆಗೆ ಕೆಂಪಾದ.

"ಯಾರೂ ಹೇಳಲಿಲ್ಲವಲ್ಲ ಅಕ್ಕ!"

"ನಂಗೂ ಯಾರೂ ಹೇಳಿರಲಿಲ್ಲಪ್ಪ. ಇನ್ನೂ ಎಷ್ಟು ಜನ ನನ್ನ ತೇಪೆ ಹೊತ್ತು ಓಡಾಡ್ತಿದ್ದಾರೋ." ಅಕ್ಕನ ಕಣ್ಣು ತುಂಬಿತು, ಅದನ್ನವಳು ಮುಚ್ಚಿಡಲಿಲ್ಲ. "ಅಳೆಯೋನು ಕೇಳಿದ್ದ. ಈ ಮೆಟ್ಟಿಲು ಬೇಡ ಅಂದೋಳು ನಾನೇ. ನಿನ್ನ ತಪ್ಪೇನೂ ಇಲ್ಲ. ಈ ಕೋಟು ಒಂದು ಮುಗಿಸಿ ಎದ್ದು ಹೋಗ್ತೀನಿ."

ಅವನು ಪಕ್ಕಕ್ಕೆ ಸರಿದು, ಮಡಿಲಿಗೆ ಬೆಳಕು ಬಿಟ್ಟ.

ಗುರುವಾರ ಬೆಳಗ್ಗೆ ಟೀಚರಮ್ಮನ ಮಗಳು ಕೋಟು ತೊಟ್ಟು ಕೆಳಗಿಳಿದು ಬಂದಳು. ಬಿಸಿಲಲ್ಲಿ ಕೈಚಾಚಿ ನಿಂತಳು. ಟೀಚರಮ್ಮ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಮೊಣಕೈಯನ್ನು ಬೆರಳಿಂದ ಸವರಿ ಹುಡುಕಿದರು. ಗಂಡನ ತೋಳನ್ನೇ ಹಿಡಿದವರಂತೆ ಆ ಬೆರಳು ಅಲ್ಲಿಯೇ ನಿಂತುಬಿಟ್ಟಿತು.

"ಎಲ್ಲಿತ್ತು ಅಂತಲೇ ಸಿಗ್ತಿಲ್ಲವಲ್ಲ ಅಕ್ಕ."

ಅಕ್ಕ ತಲೆಯಾಡಿಸಿದಳು. ತಾಯಿಮಗಳು ರಸ್ತೆ ದಾಟುವವರೆಗೂ ನೋಡುತ್ತ ನಿಂತು, ಆಮೇಲೆ ದಾರದ ಪೆಟ್ಟಿಗೆ ಎತ್ತಿಕೊಂಡು ಒಳಗಿನ ಅಂಗಡಿಗೆ ಹೊರಟಳು. ಮೆಟ್ಟಿಲಿನ ಹತ್ತಿರ ಬಂದವಳು ಹಾಗೇ ನಿಂತಳು.

ಫಲಕ ಇತ್ತು. ಸರಪಳಿಯೂ ಇತ್ತು, ಆದರೆ ಅದರ ಕೊಂಡಿ ಬಿಚ್ಚಿ ಇಳಿಬಿಟ್ಟಿದ್ದರು. ಎರಡನೆಯ ಮೆಟ್ಟಿಲ ಮೇಲೆ ಇಸ್ತ್ರಿ ಮಾಡಿ ಮಡಿಸಿಟ್ಟ ಕಪ್ಪು ಪ್ಯಾಂಟೊಂದು ಅವಳಿಗಾಗಿ ಕಾಯುತ್ತಿತ್ತು.