ಖಾರ ಕಾಣದ ಬೋಗುಣಿ

ನಾನು ಒಂದು ಸ್ಟೀಲ್ ಬೋಗುಣಿ. ಎರಡು ಲೀಟರು ಹಿಡಿಯುತ್ತೇನೆ; ತಳ ತೆಳು. ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿದಾಗ ನನಗೆ ಆಕಾರ ಬಂತು. ಗದಗಿನ ಪಾತ್ರೆ ಅಂಗಡಿಯಿಂದ ತಿಪ್ಪವ್ವ ನನ್ನನ್ನು ಬೆಟಗೇರಿಯ ಮನೆಗೆ ತಂದಳು. ಬಂದ ದಿನವೇ ನನ್ನ ಕೆಲಸ ಗೊತ್ತಾಯಿತು: ಹಾಲು ಕಾಯಿಸುವುದು, ಅಷ್ಟೇ. ಹಾಲಿಗೆ ಉಪ್ಪು ಬೆರೆಸಿದರೆ ಪಾಪ ಎಂದು ಅವಳ ನಂಬಿಕೆ. ಉಪ್ಪು ಮುಟ್ಟಿದ ಚಮಚವನ್ನೂ ನನ್ನೊಳಗೆ ಇಳಿಸಗೊಡುತ್ತಿರಲಿಲ್ಲ.

ಮಗ ಫಕೀರಪ್ಪನ ಮದುವೆಯಾದ ಮೇಲೆ ನಾನು ಸೊಸೆ ನೀಲವ್ವನ ಕೈಗೆ ಬಂದೆ. ಫಕೀರಪ್ಪ ಲಾರಿ ಮೆಕ್ಯಾನಿಕ್. ಬಾಯಲ್ಲಿ ಸದಾ ಗುಟ್ಕಾ. ನಲವತ್ತೆರಡನೆಯ ವಯಸ್ಸಿಗೆ ದವಡೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಆಮೇಲೆ ಹುಬ್ಬಳ್ಳಿಯಲ್ಲಿ ವಾರಕ್ಕೆ ಐದು ದಿನ ವಿಕಿರಣ ಚಿಕಿತ್ಸೆ. ಮನೆಯವರು ಅದನ್ನು ಕರೆಂಟು ಎನ್ನುತ್ತಿದ್ದರು. ಬಾಯಿ ತುಂಬ ಹುಣ್ಣು. ಅರವತ್ತೆರಡು ಕಿಲೊ ಇದ್ದವನು ನಲವತ್ತೇಳಕ್ಕೆ ಇಳಿದ. ಇನ್ನೂ ಇಳಿದರೆ ಊಟಕ್ಕೆ ಮೂಗಿನಿಂದ ನಳಿಗೆ ಹಾಕಬೇಕೆಂದು ಡಾಕ್ಟರರು ಹೇಳಿದರು.

“ನಳಿಗಿ ಹಾಕಿದರ ನಾ ಮತ್ತ ದವಾಖಾನಿ ಮೆಟ್ಲ ಹತ್ತಂಗಿಲ್ಲ,” ಎಂದ ಫಕೀರಪ್ಪ. ಕರೆಂಟು ಇನ್ನೂ ಹನ್ನೊಂದು ದಿನ ಬಾಕಿ ಇತ್ತು.

ಆಸ್ಪತ್ರೆಯ ಆಹಾರ ತಜ್ಞೆ ಬಿಳಿ ಸಾಸಿನ ಪಾಸ್ತಾ ಮಾಡಲು ಒಂದು ಚೀಟಿ ಬರೆದುಕೊಟ್ಟಳು. ಬೆಣ್ಣೆ ಎರಡು ಚಮಚ, ಮೈದಾ ಎರಡು ಚಮಚ, ಹಾಲು ಎರಡು ಬಟ್ಟಲು. ಪಾಸ್ತಾ ಮೆತ್ತಗೆ ಬೇಯಲಿ, ಖಾರ ಬೇಡ. ನೀಲವ್ವ ಬಾಣಲೆಯಲ್ಲಿ ಮಾಡಿದಳು. ಒಂದು ತುತ್ತಿಗೇ ಫಕೀರಪ್ಪ ಉಗುಳಿ ಕಣ್ಣೀರು ಹಾಕಿದ. ವರ್ಷಗಟ್ಟಲೆ ಒಗ್ಗರಣೆ ಕಂಡ ಬಾಣಲೆ, ತೊಳೆದರೂ ಮೆಣಸಿನಕಾಯಿಯ ಖಾರ ಬಿಟ್ಟುಕೊಟ್ಟಿರಲಿಲ್ಲ.

ಮರುದಿನ ಸಂಜೆ ಅವಳು ನನ್ನನ್ನು ಒಲೆಯ ಮೇಲಿಟ್ಟಳು.

“ಅದು ಹಾಲಿನ ಬೋಗುಣಿ ಅಲ್ಲೇನ, ನೀಲವ್ವಾ?” ಬಾಗಿಲಲ್ಲಿ ಕೂತ ತಿಪ್ಪವ್ವ ಕೇಳಿದಳು.

“ಹೌದ್ರೀ ಅತ್ತಿ. ಈ ಮನ್ಯಾಗ ಖಾರ ಕಾಣದ್ದು ಇದೊಂದ ಉಳದೈತ್ರಿ.”

ನನಗೆ ನನ್ನ ತಳದ್ದೇ ಚಿಂತೆ. ನನ್ನೊಳಗೇ ಪಾಸ್ತಾ ಬೇಯಿಸಿ ಬಸಿದಿಟ್ಟು, ಬೆಣ್ಣೆ ಕರಗಿಸಿ, ನೀಲವ್ವ ಮೈದಾ ಉದುರಿಸಿದಳು. ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿದು ತಿರುವಿದಳು. ಗಂಟಾದರೆ ಅವನ ಗಂಟಲಲ್ಲಿ ಇಳಿಯದು; ತಳ ಹತ್ತಿದರೆ ಕಹಿ. ಒಂದು ಕಡೆ ನನ್ನ ತಳ ಹತ್ತಿಯೇ ಬಿಟ್ಟಿತು. ಅವಳು ಥಟ್ಟನೆ ಕೆಳಗಿಳಿಸಿ ಪಾಸ್ತಾ ಬೆರೆಸಿದಳು.

ಅತ್ತೆಗೆ ಹೆದರಿ ಉಪ್ಪು ಹಾಕಿರಲಿಲ್ಲ. ಫಕೀರಪ್ಪ ಒಂದು ಚಮಚ ನುಂಗಿದ. ಉರಿಯಲಿಲ್ಲ. ಆದರೂ ಚಮಚ ಕೆಳಗಿಟ್ಟ.

“ಗ್ವಾಡಿಗೆ ಬಳಿಯೂ ಸುಣ್ಣ ಇದ್ದಂಗ ಐತಲ್ಲ!”

ನೀಲವ್ವನ ಮುಖ ಕಪ್ಪಿಟ್ಟಿತು. ತಿಪ್ಪವ್ವ ಮೊಣಕಾಲು ಹಿಡಿದು ಎದ್ದಳು. ಡಬ್ಬಿಯಿಂದ ಒಂದೇ ಚಿಟಿಕೆ ಉಪ್ಪು ತಂದು ನನ್ನೊಳಗೆ ಉದುರಿಸಿ, ತಾನೇ ತಿರುವಿದಳು.

“ತಿನ್ನೋ ಯಪ್ಪಾ. ಪಾಪ ಬಂದರ ನನಗ ಬರಲಿ.”

ಅವನು ಹನ್ನೆರಡು ಚಮಚ ತಿಂದ. ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿ ಸಲ ನುಂಗುವಾಗಲೂ ಇಬ್ಬರು ಹೆಂಗಸರ ಕಣ್ಣು ಅವನ ಗಂಟಲ ಮೇಲೆ. ಸೋಮವಾರದ ತೂಕ ನಲವತ್ತೇಳೂಕಾಲು. ಹನ್ನೊಂದು ದಿನವೂ ನಳಿಗೆಯಿಲ್ಲದೆ ಮುಗಿದವು.

ಈಗ ಹಾಲಿಗೆ ಬೇರೆ ಪಾತ್ರೆ ಬಂದಿದೆ. ನಾನು ಮೇಲಿನ ಹಲಗೆಯಲ್ಲಿ ಬೋರಲಾಗಿದ್ದೇನೆ. ಮೂರು ತಿಂಗಳಿಗೊಮ್ಮೆ, ತಪಾಸಣೆಯ ಹಿಂದಿನ ದಿನ, ನೀಲವ್ವ ನನ್ನನ್ನು ಕೆಳಗಿಳಿಸಿ ಅದೇ ಪಾಸ್ತಾ ಮಾಡುತ್ತಾಳೆ. ಡಾಕ್ಟರರು ನಾಳೆ ಏನು ಹೇಳುವರೋ ಬೋಗುಣಿಗೆ ಹೇಗೆ ತಿಳಿದೀತು? ಫಕೀರಪ್ಪ ಎಲ್ಲ ತಿಂದು, ಅವನ ಚಮಚ ನನ್ನ ತಳ ಕೆರೆಯುವ ಸದ್ದಿಗಾಗಿ ಅವಳು ಕಾಯುತ್ತಾಳೆ. ನಾನೂ ಕಾಯುತ್ತೇನೆ.